ಹತ್ತು ದಿನದ ನೀರು: ಬೆಂಗಳೂರಿನ ಉತ್ತರಹಳ್ಳಿ ಕಡೆಯ ಒಂದು ಮನೆ ತನ್ನ ಗುರಿ ಸರಿಮಾಡಿಕೊಂಡ ಬಗೆ

‘ಮುಂದಿನ ಯುಗಾದಿ ಹೊತ್ತಿಗೆ ನಮ್ಮ ಮನೆ ನೀರಿನಲ್ಲಿ ಸ್ವಾವಲಂಬಿ ಆಗಬೇಕು.’

2024ರ ಯುಗಾದಿ ದಿನ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ಮನೆಖರ್ಚಿನ ಪುಸ್ತಕದಲ್ಲಿ ಬರೆದ ಸಾಲು ಇದು. ಓದಿದರೆ ಏನೂ ತಪ್ಪು ಕಾಣುವುದಿಲ್ಲ. ಗಡುವು ಇದೆ, ಯಾರ ಮನೆ ಎಂಬುದಿದೆ, ಒಳ್ಳೆಯ ಆಸೆಯೂ ಇದೆ. ಆದರೆ ಈ ಒಂದು ಸಾಲು ನಂಬಿಕೊಂಡು ಅವರು ಬ್ಯಾಂಕಿನ ಫಿಕ್ಸೆಡ್ ಡಿಪಾಸಿಟ್‌ನಿಂದ ಏಳು ಲಕ್ಷ ರೂಪಾಯಿ ತೆಗೆಯಲು ಹೊರಟಿದ್ದರು. ಕಾರು ನಿಲ್ಲಿಸುವ ಜಾಗವನ್ನು ಅಗೆದು 50,000 ಲೀಟರಿನ ಸಂಪು ಕಟ್ಟಿಸುವುದು ಅವರ ಯೋಜನೆ. ಕಂಟ್ರಾಕ್ಟರ್ ಅಂದಾಜು ಕೊಟ್ಟಾಗಿತ್ತು. ಮಗ ಬೇಡ ಅಂದ, ಹೆಂಡತಿ ಸುಮ್ಮನಿದ್ದರು, ಸೊಸೆ ನನಗೆ ಫೋನ್ ಮಾಡಿದರು.

ನನಗೇ ಯಾಕೆ ಅಂದರೆ, ಕಂಪನಿಗಳಲ್ಲಿ ನೌಕರರಿಂದ ವರ್ಷದ ಗುರಿಗಳನ್ನು ಬರೆಸುವುದು ನನ್ನ ಕೆಲಸ. ಅಲ್ಲಿ ಫಾರಂ ಇರುತ್ತದೆ, ಖಾನೆಗಳಿರುತ್ತವೆ, ಕೊನೆಯಲ್ಲಿ ಮ್ಯಾನೇಜರ್ ಸಹಿ ಇರುತ್ತದೆ. ಎಲ್ಲರೂ ತುಂಬುತ್ತಾರೆ, ಮುಂದಿನ ವರ್ಷದವರೆಗೆ ಯಾರೂ ತೆಗೆದು ನೋಡುವುದಿಲ್ಲ. ಮೇಷ್ಟ್ರು ನನಗೆ ಪಾಠ ಹೇಳಿದವರು. ಅವರ ಮುಂದೆ ಫಾರಂ ಇಡುವ ಧೈರ್ಯ ನನಗಿರಲಿಲ್ಲ, ಅಗತ್ಯವೂ ಇರಲಿಲ್ಲ. ಮನೆಯವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಬೇಸಿಗೆ

2023ರ ಮುಂಗಾರು ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು. 2024ರ ಮಾರ್ಚ್ ಬರುವಷ್ಟರಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿದವು. ತಮ್ಮ ಮನೆಯ ಬೋರ್‌ವೆಲ್ಲೂ ಬತ್ತಿದೆ ಎಂದು ಉಪಮುಖ್ಯಮಂತ್ರಿಗಳೇ ಹೇಳಿದರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಹೋಟೆಲು, ಮಾಲ್, ಕಚೇರಿಗಳ ನಲ್ಲಿಗಳಿಗೆ ಏರೇಟರ್, ಅಂದರೆ ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಸಣ್ಣ ಬಿಡಿಭಾಗ, ಕಡ್ಡಾಯವಾಯಿತು.

ಮೇಷ್ಟ್ರ ಬಡಾವಣೆ 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳ ಪೈಕಿಯದು. ಬೀದಿಯಲ್ಲಿ ಕಾವೇರಿ ಪೈಪು ಹೂತಿದ್ದರು, ನೀರು ಇನ್ನೂ ಬಂದಿರಲಿಲ್ಲ. ಇಪ್ಪತ್ತು ವರ್ಷ ಮನೆ ನಡೆದದ್ದು ಸ್ವಂತ ಬೋರ್‌ನಿಂದ. ಮಾರ್ಚ್ ಮೊದಲ ವಾರ ಅದು ಗಾಳಿ ಉಗುಳಿತು.

ನೆಲಮಹಡಿಯಲ್ಲಿ ಮೇಷ್ಟ್ರು, ಅವರ ಹೆಂಡತಿ, ಮಗ, ಸೊಸೆ, ಮೊಮ್ಮಗಳು. ಮೇಲಿನ ಮನೆಯಲ್ಲಿ ಮೂವರು ಬಾಡಿಗೆದಾರರು. ಒಟ್ಟು ಎಂಟು ಜನ, 8,000 ಲೀಟರಿನ ಒಂದು ಸಂಪು. 6,000 ಲೀಟರಿನ ಟ್ಯಾಂಕರ್ ತರಿಸಿದರೆ ಆರು ದಿನಕ್ಕೆ ಸಾಲುತ್ತಿರಲಿಲ್ಲ. ಜಿಲ್ಲಾಡಳಿತ ಅಷ್ಟರಲ್ಲಿ ದರ ನಿಗದಿ ಮಾಡಿತ್ತು. 6,000 ಲೀಟರಿಗೆ 5 ಕಿ.ಮೀ. ಒಳಗಾದರೆ 600 ರೂಪಾಯಿ, 10 ಕಿ.ಮೀ.ವರೆಗೆ 750. ಆ ದರಕ್ಕೆ ಒಪ್ಪಿ ಬರುವ ಟ್ಯಾಂಕರ್ ಇವರ ಬೀದಿಗೆ ಸಿಗಲಿಲ್ಲ. ಸಿಕ್ಕಿದ್ದು ದುಪ್ಪಟ್ಟಿಗೆ, ಅದೂ ರಾತ್ರಿ ಹೊತ್ತು. ‘ಬರ್ತೀನಿ ಇರಿ’ ಅಂದವನು ಹನ್ನೊಂದಕ್ಕೆ ಬರಬಹುದು, ಬೆಳಗಿನ ಜಾವ ಮೂರಕ್ಕೂ ಬರಬಹುದು. ಗೇಟು ತೆಗೆಯಲು, ಸಂಪಿನ ಮುಚ್ಚಳ ಎತ್ತಲು, ಪೈಪು ಹಿಡಿಯಲು ಒಬ್ಬರು ಎದ್ದಿರಲೇಬೇಕು. ಮಾರ್ಚ್, ಏಪ್ರಿಲ್, ಮೇ ಸೇರಿ ಹದಿನಾರು ಟ್ಯಾಂಕರ್ ಬಂದವು.

ಸ್ವಾವಲಂಬನೆಯ ಮಾತು ಬಂದದ್ದು ಇಂಥ ಒಂದು ರಾತ್ರಿಯ ಮಾರನೇ ದಿನ. ಬೆಂಗಳೂರಿನ ವಿಜಯನಗರದಲ್ಲಿ ಎ.ಆರ್. ಶಿವಕುಮಾರ್ ಎಂಬ ವಿಜ್ಞಾನಿಯ ಮನೆ ಇದೆ. 1995ರಿಂದ ಮಳೆನೀರಿನಲ್ಲೇ ನಡೆಯುತ್ತಿರುವ ಮನೆ ಎಂದು ಊರಿಗೆಲ್ಲ ಗೊತ್ತು. ಮೇಷ್ಟ್ರು ಅದರ ವಿಡಿಯೊ ನೋಡಿದ್ದರು. ‘ಅವರ ಕೈಲಿ ಆಗೋದು ನಮ್ಮ ಕೈಲಿ ಯಾಕಾಗಲ್ಲ?’ ಎಂಬುದು ಅವರ ವಾದ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ, ಅಲ್ವಾ?

ಗುರಿ ಮುಟ್ಟಿದ ಮಾರನೇ ದಿನ

ಇಂಥ ಸಂದರ್ಭದಲ್ಲಿ ನಾನು ಮೊದಲು ಲೆಕ್ಕಕ್ಕೆ ಕೈ ಹಾಕುವುದಿಲ್ಲ. ಲೆಕ್ಕ ತೋರಿಸಿ ಹಿರಿಯರ ಆಸೆಯನ್ನು ಮುರಿಯುವುದು ಸುಲಭ. ಮುರಿದ ಮೇಲೆ ಅವರು ಮಾತೇ ಆಡುವುದಿಲ್ಲ. ಹಾಗಾಗಿ ಒಂದು ಪ್ರಶ್ನೆ ಕೇಳಿದೆ. ‘ಸರ್, ಈ ಗುರಿ ಮುಟ್ಟಿದಿರಿ ಅಂತಿಟ್ಟುಕೊಳ್ಳಿ. ಮಾರನೇ ದಿನ ಬೆಳಿಗ್ಗೆ ಈ ಮನೆಯಲ್ಲಿ ಏನು ಬದಲಾಗಿರುತ್ತೆ?’

ಅವರು ತಕ್ಷಣ ಹೇಳಿದ್ದು, ‘ಯಾರ ಹಂಗೂ ಇರಲ್ಲ.’

ಯಾರ ಹಂಗು ಅಂತ ಕೇಳಿದೆ. ಜಲಮಂಡಳಿಯದೇ? ಮಳೆಯದೇ? ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು. ‘ಆ ಟ್ಯಾಂಕರ್‌ನವನದು ಕಣಯ್ಯ. ಮೂವತ್ತೈದು ವರ್ಷ ಪಾಠ ಮಾಡಿದವನು ನಾನು. ಅವನಿಗೆ ದಿನಕ್ಕೆ ಏಳು ಸಲ ಫೋನ್ ಮಾಡಿ, ಅಣ್ಣಾ ಅಣ್ಣಾ ಅಂತ ಬೇಡಬೇಕಾ?’

ಕಾವೇರಿ ನೀರು ತೆಗೆದುಕೊಳ್ಳುವುದರಲ್ಲಿ ಅವರಿಗೆ ಯಾವ ಮುಜುಗರವೂ ಇರಲಿಲ್ಲ. ಬಂದರೆ ಸಂತೋಷವಾಗಿ ಬಿಲ್ ಕಟ್ಟುತ್ತಿದ್ದರು. ದುಡ್ಡು ಕೊಟ್ಟು ಟ್ಯಾಂಕರ್ ತರಿಸುವುದೂ ಅವರಿಗೆ ಅವಮಾನ ಅನ್ನಿಸಿರಲಿಲ್ಲ. ಸಂಪು ಖಾಲಿಯಾಗುವ ದಿನ ಬೇಡುವ ಸ್ಥಿತಿ ಬರುತ್ತಿತ್ತಲ್ಲ, ಅದು ಅವಮಾನ. ‘ಸ್ವಾವಲಂಬನೆ’ ಎಂದು ಬರೆದಾಗ ಈ ಮೂರೂ ಒಂದೇ ಮೂಟೆಯೊಳಗೆ ಹೋಗಿದ್ದವು.

ಅದೇ ಪ್ರಶ್ನೆಯನ್ನು ಮಗನಿಗೂ ಕೇಳಿದೆ. ಅವನ ಉತ್ತರ ಬಾಡಿಗೆಯ ಬಗ್ಗೆ. ಏಪ್ರಿಲ್‌ನಲ್ಲಿ ಮೇಲಿನ ಮನೆಯವರು ಬಿಟ್ಟುಹೋಗುವ ಮಾತಾಡಿದ್ದರು. ಆ ಬಾಡಿಗೆಯಿಂದಲೇ ಅಪ್ಪ ಅಮ್ಮನ ಔಷಧಿ, ಮೊಮ್ಮಗಳ ಸ್ಕೂಲ್ ವ್ಯಾನು. ಹಾಗಾಗಿ ಅವನಿಗೆ ಬೇಕಿದ್ದದ್ದು ಬಾಡಿಗೆದಾರರು ಹೋಗದಿರುವುದು. ಸೊಸೆಗೆ ಇವೆಲ್ಲಕ್ಕಿಂತ ಏಳು ಲಕ್ಷದ ಚಿಂತೆ. ಆ ಡಿಪಾಸಿಟ್ ಅತ್ತೆಯ ಮಂಡಿ ಆಪರೇಷನ್‌ಗೆ ಅಂತ ಇಟ್ಟಿದ್ದು ಎಂದು ಅವರಿಗೆ ಗೊತ್ತಿತ್ತು. ಮೇಷ್ಟ್ರಿಗೂ ಗೊತ್ತಿತ್ತು.

ಕೊನೆಗೆ ಮಾತಾಡಿದ್ದು ಮೇಷ್ಟ್ರ ಹೆಂಡತಿ. ಕಾಫಿ ಲೋಟ ಎತ್ತಿಕೊಂಡು ಹೋಗುತ್ತಾ ಹೇಳಿದರು. ‘ನಂಗೆ ರಾತ್ರಿ ಮಲಗೋಕೆ ಬಿಟ್ರೆ ಸಾಕಪ್ಪ.’ ಆಮೇಲೆ ತಿಳಿಯಿತು. ಹದಿನಾರರಲ್ಲಿ ಹತ್ತಕ್ಕಿಂತ ಜಾಸ್ತಿ ಟ್ಯಾಂಕರ್‌ಗೆ ಎದ್ದು ಕೂತವರು ಅವರೇ. ಮಗ ಸೊಸೆಗೆ ಬೆಳಿಗ್ಗೆ ಆಫೀಸು. ಮೇಷ್ಟ್ರಿಗೆ ಮಾತ್ರೆ ತೆಗೆದುಕೊಂಡ ಮೇಲೆ ಎಚ್ಚರವಾಗುವುದಿಲ್ಲ. ಮಂಡಿ ನೋವಿನ ಹೆಂಗಸು ಮೆಟ್ಟಿಲ ಮೇಲೆ ಕೂತು ಗೇಟು ನೋಡುತ್ತಿದ್ದರು.

ಒಂದೇ ಗುರಿ, ಒಂದೇ ಮನೆ, ನಾಲ್ಕು ಉದ್ದೇಶ. ವೈಯಕ್ತಿಕ ಗುರಿ ಎಂದು ನಾವು ಹೇಳುವುದರಲ್ಲಿ ಜಾಸ್ತಿ ಪಾಲು ಹೀಗೆ ಮನೆಯವರ ಮೇಲೆ ಬೀಳುವಂಥದ್ದೇ. ಬರೆಯುವವರು ಒಬ್ಬರು, ಅದಕ್ಕಾಗಿ ನಿದ್ದೆ ಕೆಡುವವರು ಇನ್ನೊಬ್ಬರು. ಆಫೀಸಿನ ಫಾರಮುಗಳಲ್ಲಿ ‘ಇದರಿಂದ ನಿಮ್ಮ ಮನೆಯಲ್ಲಿ ಯಾರಿಗೆ ಏನಾಗುತ್ತೆ’ ಎಂಬ ಖಾನೆಯನ್ನು ನಾನು ಒಮ್ಮೆಯೂ ನೋಡಿಲ್ಲ.

ತಾರಸಿ ಹೇಳುವ ಲೆಕ್ಕ

ಉದ್ದೇಶ ಇಷ್ಟು ತಿಳಿದ ಮೇಲೆ ಲೆಕ್ಕ ಮಾಡಿದೆವು. ಮಾಡಿದ್ದು ಮೇಷ್ಟ್ರೇ, ಅದು ಮುಖ್ಯ.

ಅವರದು 30×40ರ ಸೈಟು. ತಾರಸಿ ಸುಮಾರು 1,000 ಚದರಡಿ, ಅಂದರೆ 93 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. ಗುಣಿಸಿದರೆ 90,000 ಲೀಟರ್. ಮೊದಲ ಮಳೆಯ ಕೊಳೆನೀರು ಹೊರಗೆ ಬಿಟ್ಟು, ಆವಿಯಾದದ್ದು, ಚೆಲ್ಲಿದ್ದು ಕಳೆದರೆ ಕೈಗೆ ಸಿಗುವುದು 75,000 ಆಸುಪಾಸು.

ಇನ್ನು ಖರ್ಚು. ಇದನ್ನು ಅಳೆದದ್ದು ಸೊಸೆ. ಸಂಪಿನ ತಳ ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ. ಹಾಗಾಗಿ ನೀರು ಒಂದು ಸೆಂಟಿಮೀಟರ್ ಇಳಿದರೆ 40 ಲೀಟರ್ ಹೋಯಿತು ಅಂತ. ಹಳೆಯ ಪಿವಿಸಿ ಪೈಪಿನ ಮೇಲೆ ಪೇಂಟಿನಲ್ಲಿ ಗೆರೆ ಹಾಕಿ, ದಿನಾ ಬೆಳಿಗ್ಗೆ ಹಾಲು ತರುವ ಹೊತ್ತಿಗೆ ಅದ್ದಿ ನೋಡಿದರು. ಎರಡು ವಾರದ ಸರಾಸರಿ ದಿನಕ್ಕೆ 1,050 ಲೀಟರ್. ಕೆಳಗಿನ ಐವರಿಗೆ 700, ಮೇಲಿನ ಮೂವರಿಗೆ 350. ಇದು ದುಂದುವೆಚ್ಚವೇನೂ ಅಲ್ಲ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಲೆಕ್ಕ.

ವರ್ಷಕ್ಕೆ 3 ಲಕ್ಷ 83 ಸಾವಿರ ಲೀಟರ್ ಬೇಕು. ತಾರಸಿ ಕೊಡುವುದು 75 ಸಾವಿರ. ಐದರಲ್ಲಿ ಒಂದು ಪಾಲು. ಮೇಷ್ಟ್ರು ಎರಡು ಸಲ ಭಾಗಿಸಿ ನೋಡಿದರು.

ಆಮೇಲೆ 50,000 ಲೀಟರಿನ ಸಂಪಿನ ವಿಷಯ. ಇಲ್ಲಿ ಒಂದು ವಿಚಿತ್ರ ಕಂಡಿತು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬೆಂಗಳೂರಿನಲ್ಲಿ ಮಳೆ ಇಲ್ಲವೆಂದೇ ಹೇಳಬೇಕು. ನವೆಂಬರ್ ಕೊನೆಗೆ ಸಂಪು ತುಂಬಿದೆ ಅಂತಿಟ್ಟುಕೊಳ್ಳೋಣ. ಕೆಳಗಿನ ಮನೆಯವರು ಮಾತ್ರ ದಿನಾ ಬಳಸಿದರೂ 71 ದಿನಕ್ಕೆ ಮುಗಿಯುತ್ತದೆ. ಅಂದರೆ ಫೆಬ್ರವರಿ ಎರಡನೇ ವಾರ. ನಿಜವಾದ ಕಷ್ಟ ಶುರುವಾಗುವುದೇ ಆಮೇಲೆ! ಹಾಗಲ್ಲದೆ, ಮುಟ್ಟದೆ ಮಾರ್ಚ್‌ಗೆ ಕಾಯ್ದಿಟ್ಟರೆ ಇಡೀ ಮನೆಗೆ 47 ದಿನ ಬರುತ್ತದೆ.

ಅದೇ ಸಂಪು, ಅದೇ ನೀರು. ‘ದಿನಾ ನಮ್ಮದೇ ನೀರು ಬಳಸಬೇಕು’ ಎಂಬುದು ಉದ್ದೇಶವಾದರೆ ಬೇಸಿಗೆಗೆ ಖಾಲಿ. ‘ಬೇಸಿಗೆಯಲ್ಲಿ ಪರದಾಡಬಾರದು’ ಎಂಬುದಾದರೆ ಚಳಿಗಾಲವೆಲ್ಲ ತುಂಬಿ ನಿಂತಿರಬೇಕು. ಸ್ವಾವಲಂಬನೆ ಎಂಬ ಒಂದೇ ಹೆಸರಿನ ಕೆಳಗೆ ಒಂದಕ್ಕೊಂದು ವಿರುದ್ಧವಾದ ಎರಡು ಯೋಜನೆ ಕೂತಿದ್ದವು. ಕಂಟ್ರಾಕ್ಟರ್ ಇದನ್ನು ಕೇಳಿರಲಿಲ್ಲ. ಅವನು ಯಾಕೆ ಕೇಳುತ್ತಾನೆ?

ವಿಜಯನಗರದ ಮನೆಯ ಮಾತು ಬಂದಾಗ ನಾನು ಅದನ್ನು ತಳ್ಳಿಹಾಕಲಿಲ್ಲ. ಅದು ನಿಜವಾದ ಸಾಧನೆ. ಆದರೆ ಅದು 60×40ರ ಸೈಟು, ಇವರದರ ಎರಡರಷ್ಟು. ಒಂದೇ ಕುಟುಂಬ. ಮನೆ ಕಟ್ಟುವಾಗಲೇ ಮಳೆನೀರನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದು. ಇವರದು 2004ರಲ್ಲಿ ಎಲ್ಲರಂತೆ ಕಟ್ಟಿದ ಮನೆ, ಮೇಲೊಂದು ಬಾಡಿಗೆ ಮನೆ. ಇನ್ನೊಬ್ಬರ ಫಲಿತಾಂಶವನ್ನು ಗುರಿಯಾಗಿ ತರುವಾಗ ಅವರ ಸೈಟಿನ ಅಳತೆಯನ್ನೂ ಜೊತೆಗೆ ತರಬೇಕು.

ಕಾನೂನಿನ ಒತ್ತಡವೂ ಇವರ ಮೇಲೆ ಇರಲಿಲ್ಲ. 2009ರಲ್ಲಿ ಬಂದ ನಿಯಮದಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾದದ್ದು 60×40 ಮತ್ತು ಅದಕ್ಕಿಂತ ದೊಡ್ಡ ಹಳೆಯ ಮನೆಗಳಿಗೆ, 30×40 ಮತ್ತು ಮೇಲ್ಪಟ್ಟ ಹೊಸ ಮನೆಗಳಿಗೆ. ಹಾಗಾಗಿ ‘ಮಾಡಲೇಬೇಕಲ್ಲ’ ಎಂಬ ನೆಪ ಇರಲಿಲ್ಲ. ಏನೇ ಮಾಡಿದರೂ ತಮ್ಮ ಕಾರಣಕ್ಕೇ ಮಾಡಬೇಕಿತ್ತು.

ದೊಡ್ಡ ಮಾತು ಸಣ್ಣದಾದದ್ದು

ಐದರಲ್ಲಿ ಒಂದು ಪಾಲು ಎಂದು ತಿಳಿದ ಮೇಲೆ ಮೇಷ್ಟ್ರು ಎರಡು ದಿನ ಮುನಿಸಿಕೊಂಡಿದ್ದರು ಅಂತ ಸೊಸೆ ಹೇಳಿದರು. ಮೂರನೇ ದಿನ ಅವರೇ ಕರೆದರು.

ಈ ಸಲ ಕೇಳಿದ್ದು ಬೇರೆ ಪ್ರಶ್ನೆ. ‘ಸರ್, ಟ್ಯಾಂಕರ್‌ನವನನ್ನು ನೀವು ಯಾವ ದಿನ ಬೇಡ್ತೀರಿ? ಎಲ್ಲಾ ದಿನವಾ?’

‘ಸಂಪು ತಳ ಕಂಡ ದಿನ.’

‘ಸಂಪಿನಲ್ಲಿ ಇನ್ನೂ ಹತ್ತು ದಿನದ ನೀರಿರುವಾಗ ಫೋನ್ ಮಾಡಿದರೆ?’

‘ಆಗ ಯಾಕೆ ಬೇಡಲಿ? ಹಗಲು ಬಂದರೆ ಬಾ, ರೇಟು ಸರಿ ಇದ್ದರೆ ಬಾ, ಇಲ್ಲದಿದ್ದರೆ ಇನ್ನೊಬ್ಬನನ್ನು ಕೇಳ್ತೀನಿ ಅಂತೀನಿ.’

ಗುರಿ ಸಿಕ್ಕಿದ್ದು ಇಲ್ಲಿ. ಹತ್ತು ದಿನದ ನೀರು ಕೈಯಲ್ಲಿದ್ದರೆ ಮೇಷ್ಟ್ರು ಬೇಡಬೇಕಾಗಿಲ್ಲ. ಟ್ಯಾಂಕರ್ ಹಗಲು ಬರುತ್ತದೆ, ಹೆಂಡತಿ ಮಲಗುತ್ತಾರೆ. ಮೇಲಿನ ಮನೆಗೆ ನೀರು ನಿಲ್ಲುವುದಿಲ್ಲ, ಬಾಡಿಗೆ ಉಳಿಯುತ್ತದೆ. ಖರ್ಚು ಏಳು ಲಕ್ಷ ಆಗುವುದಿಲ್ಲ. ನಾಲ್ಕು ಉದ್ದೇಶವೂ ಒಂದೇ ಅಳತೆಯೊಳಗೆ ಬಂದವು. ಹತ್ತೇ ಯಾಕೆ, ಏಳು ಯಾಕಲ್ಲ ಅಂತ ಮಗ ಕೇಳಿದ. ಹಿಂದಿನ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಅತಿ ಜಾಸ್ತಿ ಕಾದದ್ದು ಐದು ದಿನ. ಅದರ ಎರಡರಷ್ಟು ಇರಲಿ ಎಂದು ಮೇಷ್ಟ್ರು ತೀರ್ಮಾನಿಸಿದರು. ಇದಕ್ಕಿಂತ ಒಳ್ಳೆಯ ಕಾರಣ ನನಗೂ ಹೊಳೆಯಲಿಲ್ಲ.

ಕಾಗದದ ಮೇಲೆ ಬಂದದ್ದು ಹೀಗೆ:

‘ಉದ್ದೇಶ: ನೀರಿಗಾಗಿ ಈ ಮನೆಯಲ್ಲಿ ಯಾರೂ ರಾತ್ರಿ ಎದ್ದು ಕೂರಬಾರದು, ಯಾರನ್ನೂ ಬೇಡಬಾರದು. ಗುರಿ: 2025ರ ಫೆಬ್ರವರಿ 1ರಿಂದ ಮೇ 31ರವರೆಗೆ ಯಾವ ದಿನ ಬೆಳಿಗ್ಗೆ ಅಳೆದರೂ ಹತ್ತು ದಿನದ ಬಳಕೆಯ ನೀರು ಇರಬೇಕು. ವ್ಯಾಪ್ತಿ: ಎರಡೂ ಮಹಡಿ, ಎಂಟು ಜನ. ಖರ್ಚು: ಎರಡು ಲಕ್ಷ ದಾಟಬಾರದು. ಇದರಲ್ಲಿ ಸೇರದ್ದು: ಕುಡಿಯುವ ನೀರು, ಬೋರ್‌ಗೆ ಮತ್ತೆ ನೀರು ತರಿಸುವುದು, ಟ್ಯಾಂಕರ್ ಪೂರ್ತಿ ನಿಲ್ಲಿಸುವುದು.’

ಕೊನೆಯ ಸಾಲು ಬರೆಯುವಾಗ ಆದಷ್ಟು ಜಗಳ ಬೇರೆ ಯಾವುದಕ್ಕೂ ಆಗಲಿಲ್ಲ. ನನ್ನ ಪ್ರಕಾರ ಇಡೀ ಕಾಗದದಲ್ಲಿ ಬೆಲೆ ಇರುವುದೂ ಅದಕ್ಕೇ. ‘ಟ್ಯಾಂಕರ್ ನಿಲ್ಲಿಸುವುದು ಸೇರಿಲ್ಲ ಅಂದರೆ ಇದೇನು ಗುರಿ?’ ಅಂತ ಮೇಷ್ಟ್ರು ರೇಗಿದರು. ಸೇರಿಸಿದರೆ ಏನಾಗುತ್ತಿತ್ತು ನೋಡಿ. ಮೇ ತಿಂಗಳಲ್ಲಿ ಒಂದು ಟ್ಯಾಂಕರ್ ತರಿಸಿದ ಕೂಡಲೇ ಗುರಿ ಸೋತ ಹಾಗೆ. ಸೋಲಬಾರದು ಅಂತ ಸ್ನಾನ ಕಡಿಮೆ ಮಾಡಿ, ಬಾಡಿಗೆದಾರರ ನಲ್ಲಿ ಬಿಗಿ ಮಾಡಿ, ಯಾವ ಕಾರಣಕ್ಕೆ ಶುರು ಮಾಡಿದೆವೋ ಆ ನೆಮ್ಮದಿಯನ್ನೇ ಕಳೆದುಕೊಳ್ಳುತ್ತಿದ್ದರು.

ಬಾಡಿಗೆದಾರರನ್ನು ವ್ಯಾಪ್ತಿಗೆ ಸೇರಿಸಬೇಕೇ ಎಂಬುದರ ಮೇಲೂ ಮಾತು ನಡೆಯಿತು. ಮೊದಲು ಮೇಷ್ಟ್ರ ಮನಸ್ಸಿನಲ್ಲಿ ಇದ್ದದ್ದು ತಮ್ಮ ಐವರು ಮಾತ್ರ. ಅವರನ್ನು ಬಿಟ್ಟರೆ ಹತ್ತು ದಿನದ ಲೆಕ್ಕ ಸುಲಭ. ಆದರೆ ಮಗನ ಉದ್ದೇಶ ಅಲ್ಲೇ ಬಿದ್ದುಹೋಗುತ್ತದೆ. ಸೇರಿಸಿದರು, ಜೊತೆಗೆ ಏರೇಟರ್ ಹಾಕಿಸಲು ಮೇಲಿನವರನ್ನೂ ಒಪ್ಪಿಸಿದರು.

ಇಂಗುಬಾವಿಯ ತಕರಾರು

ಮೇಷ್ಟ್ರಿಗೆ ಇಂಗುಬಾವಿ ತೋಡಿಸುವ ಆಸೆ ಮೊದಲಿನಿಂದ ಇತ್ತು. ಜಯನಗರದ ಮಳೆನೀರು ಥೀಮ್ ಪಾರ್ಕ್‌ಗೆ ಹೋಗಿ ನೋಡಿಕೊಂಡು ಬಂದಿದ್ದರು. ಮೂರಡಿ ಅಗಲ, ಇಪ್ಪತ್ತು ಅಡಿ ಆಳ ತೋಡಿ ಸಿಮೆಂಟ್ ಬಳೆ ಇಳಿಸುತ್ತಾರೆ. ತಾರಸಿ ನೀರು ಅಲ್ಲಿಗೆ ಹೋಗಿ ನೆಲಕ್ಕೆ ಇಂಗುತ್ತದೆ. ಈ ಊರಿನಲ್ಲಿ ತಲೆಮಾರುಗಳಿಂದ ಬಾವಿ ತೋಡಿಕೊಂಡು ಬಂದ ಮಣ್ಣು ವಡ್ಡರಿಗೆ ಈಗ ಮತ್ತೆ ಇದರಿಂದ ಕೆಲಸ ಸಿಗುತ್ತಿದೆ. ನನಗೆ ವೈಯಕ್ತಿಕವಾಗಿ ಇಂಗುಬಾವಿ ಬಲು ಇಷ್ಟ. ಬೆಂಗಳೂರಿನ ಪ್ರತಿ ಬೀದಿಯಲ್ಲೂ ಇರಬೇಕು ಅನ್ನುವವನು ನಾನು.

ಆದರೂ ಈ ಗುರಿಯಿಂದ ಅದನ್ನು ಹೊರಗಿಡಿ ಎಂದು ಹಟ ಹಿಡಿದೆ. ಯಾಕೆಂದರೆ ಇಂಗಿದ ನೀರು ಯಾರ ಬೋರ್‌ಗೆ ಹೋಗುತ್ತದೆ ಎಂದು ಹೇಳಲು ಬರುವುದಿಲ್ಲ. ಇಪ್ಪತ್ತು ಅಡಿಯಲ್ಲಿ ಇಂಗಿದ್ದು ಆಳದ ಬಿರುಕುಗಳಿಗೆ ಎಷ್ಟು ವರ್ಷಕ್ಕೆ ಮುಟ್ಟುತ್ತದೋ, ಪಕ್ಕದ ಬೀದಿಯವರಿಗೆ ಮೊದಲು ಸಿಗುತ್ತದೋ. ಅದು ಊರಿಗೆ ಮಾಡುವ ಕೆಲಸ. ಹತ್ತು ದಿನದ ನೀರು ಮನೆಗೆ ಮಾಡುವ ಕೆಲಸ. ಎರಡನ್ನೂ ಒಂದೇ ಖರ್ಚಿನಲ್ಲಿ ಹಾಕಿದರೆ ಮೇ ತಿಂಗಳಲ್ಲಿ ಸಂಪು ತಳ ಕಂಡಾಗ ಇಂಗುಬಾವಿಯನ್ನು ಬಯ್ಯುತ್ತಾರೆ.

ಮೇಷ್ಟ್ರು ಪೂರ್ತಿ ಒಪ್ಪಲಿಲ್ಲ. ‘ಸರಿ, ಬೇರೆ ಪುಟದಲ್ಲಿ ಬರೀತೀನಿ’ ಅಂದರು.

ಏನು ಮಾಡಿದರು, ಏನಾಯಿತು

ಮೊದಲು ಮಾಡಿದ್ದು ಅಗೆಯುವುದಲ್ಲ, ಉಳಿಸುವುದು. ಎಲ್ಲ ನಲ್ಲಿಗೂ ಏರೇಟರ್ ಹಾಕಿಸಿದರು. ಹಳೆಯ ಫ್ಲಶ್ ಟ್ಯಾಂಕ್ ತೆಗೆಸಿ ಎರಡು ಬಟನ್ನಿನದು ಹಾಕಿಸಿದರು. ವಾಷಿಂಗ್ ಮಷೀನಿನ ಕೊನೆಯ ಸುತ್ತಿನ ನೀರು ಡ್ರಮ್ಮಿಗೆ ಬಂದು ನೆಲ ಒರೆಸಲು ಹೋಯಿತು. ದಿನದ ಬಳಕೆ 1,050ರಿಂದ 820ಕ್ಕೆ ಇಳಿಯಿತು. ಅಂದರೆ ಹತ್ತು ದಿನಕ್ಕೆ 8,200 ಲೀಟರ್ ಸಾಕು. ಈ ಲೆಕ್ಕ ಬಂದಾಗ ಮೇಷ್ಟ್ರ ಮುಖ ನೋಡಬೇಕಿತ್ತು. 50,000 ಎಲ್ಲಿ, 8,200 ಎಲ್ಲಿ!

ಆಮೇಲೆ ಅಂಗಳದಲ್ಲಿ ಎರಡನೇ ಸಂಪು ಕಟ್ಟಿಸಿದರು, 10,000 ಲೀಟರಿನದು. ತಾರಸಿ ಪೈಪುಗಳನ್ನು ಒಂದುಗೂಡಿಸಿ, ಮೊದಲ ಮಳೆಯ ನೀರು ಹೊರಹೋಗಲು ಒಂದು ವಾಲ್ವು ಇಟ್ಟು, ಫಿಲ್ಟರ್ ಹಾಕಿಸಿದರು. ಎಲ್ಲ ಸೇರಿ ಖರ್ಚು ಎರಡು ಲಕ್ಷದ ಒಳಗೇ ಮುಗಿಯಿತು. ಗಣೇಶನ ಹಬ್ಬದ ಹೊತ್ತಿಗೆ ಕೆಲಸ ಆಗಿತ್ತು. ಸೆಪ್ಟೆಂಬರ್ ಮಳೆ ನಿರಾಸೆ ಮಾಡಿತು. ಅಕ್ಟೋಬರಿನಲ್ಲಿ ಊರೆಲ್ಲ ಮುಳುಗುವ ಹಾಗೆ ಸುರಿಯಿತು. ಹೊಸ ಸಂಪು ತುಂಬಿ, ಹೆಚ್ಚಾದ ನೀರು ಮೋರಿಗೆ ಹೋಗತೊಡಗಿತು.

ಅದನ್ನು ನೋಡಿ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ‘ಬೇರೆ ಪುಟ’ ತೆರೆದರು. ತಮ್ಮ ಪೆನ್ಷನ್ ದುಡ್ಡಿನಲ್ಲೇ ಗೇಟಿನ ಪಕ್ಕ ಇಂಗುಬಾವಿ ತೋಡಿಸಿ, ಸಂಪು ತುಂಬಿದ ಮೇಲಿನ ನೀರು ಅಲ್ಲಿಗೆ ಹೋಗುವಂತೆ ಮಾಡಿದರು. ಅದರ ಖರ್ಚನ್ನು ಎರಡು ಲಕ್ಷದಲ್ಲಿ ಸೇರಿಸಲಿಲ್ಲ, ಅದರಿಂದ ಏನೂ ನಿರೀಕ್ಷೆಯೂ ಇಟ್ಟುಕೊಳ್ಳಲಿಲ್ಲ. ಬೇರೆ ಪುಟ ಎಂಬ ಈ ಏರ್ಪಾಡು ನನಗೆ ತುಂಬಾ ಹಿಡಿಸಿತು. ಈಗ ಆಫೀಸಿನಲ್ಲೂ ಹೇಳಿಕೊಡುತ್ತೇನೆ. ಆಸೆಯನ್ನು ಹೊಡೆದುಹಾಕುವ ಅಗತ್ಯವಿಲ್ಲ, ಅದಕ್ಕೆ ತನ್ನದೇ ಪುಟ, ತನ್ನದೇ ದುಡ್ಡು ಇದ್ದರೆ ಆಯಿತು.

ಅದೇ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಪಂಪ್ ಮಾಡಿ ತರುವ ನೀರು, ದಿನಕ್ಕೆ 775 ದಶಲಕ್ಷ ಲೀಟರ್. ಯೋಜನೆ ಮಾಡಿದ್ದೇ ಈ 110 ಹಳ್ಳಿಗಳಿಗಾಗಿ. ಮೇಷ್ಟ್ರು ಸಂಪರ್ಕಕ್ಕೆ ಅರ್ಜಿ ಹಾಕಿದರು, ಫೆಬ್ರವರಿ ಕೊನೆಗೆ ವಾರಕ್ಕೆ ಎರಡು ದಿನ ನೀರು ಬರಲು ಶುರುವಾಯಿತು. ಮಳೆಯ ನಂತರ ಬೋರ್ ಕೂಡ ದಿನಕ್ಕೆ ಅರ್ಧ ಗಂಟೆ ಓಡುವಷ್ಟು ಚೇತರಿಸಿಕೊಂಡಿತ್ತು. ಹಾಗಾಗಿ 2025ರ ಬೇಸಿಗೆ ಹಿಂದಿನ ವರ್ಷದಷ್ಟು ಕ್ರೂರವಾಗಿರಲಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಬೇಕು. 2024ರಂಥದ್ದೇ ವರ್ಷ ಬಂದಿದ್ದರೆ ಈ ಏರ್ಪಾಡು ಎಷ್ಟು ತಡೆಯುತ್ತಿತ್ತು ಎಂಬುದಕ್ಕೆ ಈ ಪ್ರಕರಣದಲ್ಲಿ ಉತ್ತರವಿಲ್ಲ.

ಆ ನಾಲ್ಕು ತಿಂಗಳಲ್ಲಿ ಬಂದದ್ದು ಮೂರು ಟ್ಯಾಂಕರ್. ಮೂರೂ ಹಗಲು ಹೊತ್ತಿನಲ್ಲಿ. ಒಂದಕ್ಕೆ ಮೇಷ್ಟ್ರು ಇಬ್ಬರಿಗೆ ಫೋನ್ ಮಾಡಿ ದರ ಹೋಲಿಸಿ, ಕಡಿಮೆ ಹೇಳಿದವನನ್ನು ಕರೆದರು. ಅದನ್ನು ನನಗೆ ಹೇಳುವಾಗ ಅವರ ದನಿಯಲ್ಲಿ ಖುಷಿ ಇತ್ತು. ಯುಗಾದಿಯ ಮೊದಲ ಸಾಲಿನಿಂದ ಅಳೆದರೆ ಮೂರು ಟ್ಯಾಂಕರ್ ಅಂದರೆ ಮೂರು ಸೋಲು.

ಒಂದು ದಿನ ಮಾತ್ರ ಗುರಿ ತಪ್ಪಿತು. ಏಪ್ರಿಲ್‌ನಲ್ಲಿ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದರು. ಅರವತ್ತು ಜನ ಬಂದರು. ಪಾತ್ರೆ, ಕೈಕಾಲು, ಬಾತ್‌ರೂಮು. ಮಾರನೇ ಬೆಳಿಗ್ಗೆ ಸೊಸೆ ಪೈಪು ಅದ್ದಿದರೆ ಏಳು ಚಿಲ್ಲರೆ ದಿನದ ನೀರಿತ್ತು. ‘ನೆಂಟರು ವ್ಯಾಪ್ತಿಯಲ್ಲಿಲ್ಲ’ ಎಂದು ಮೇಷ್ಟ್ರು ವಾದಿಸಿದರು. ‘ನೀರಿಗೆ ಗೊತ್ತಾ ಅದು?’ ಎಂದು ಅವರ ಹೆಂಡತಿ ಕೇಳಿದರು. ಕಾಗದದಲ್ಲಿ ಒಂದು ಸಾಲು ಸೇರಿತು: ಮನೆಯಲ್ಲಿ ಕಾರ್ಯಕ್ರಮ ಇದ್ದರೆ ಎರಡು ದಿನ ಮುಂಚೆ ಟ್ಯಾಂಕರ್ ಹಾಕಿಸುವುದು, ಅದರ ದುಡ್ಡು ಕಾರ್ಯಕ್ರಮದ ಖರ್ಚಿಗೆ.

ಜೂನ್‌ನಲ್ಲಿ ಎಲ್ಲರೂ ಕೂತು ಮತ್ತೆ ಓದಿದೆವು. ಮಗನಿಗೆ ಹತ್ತನ್ನು ಹದಿನೈದು ಮಾಡುವ ಆಸೆ, ಸಂಪುಗಳಲ್ಲಿ ಜಾಗ ಇದೆಯಲ್ಲ ಅಂತ. ಹದಿನೈದಾದರೆ ಏನು ಬದಲಾಗುತ್ತೆ ಎಂದು ಸೊಸೆ ಕೇಳಿದರು, ಅವನ ಹತ್ತಿರ ಉತ್ತರ ಇರಲಿಲ್ಲ. ಹತ್ತೇ ಉಳಿಯಿತು. ಮಂಡಿ ಆಪರೇಷನ್‌ಗೆ ದಸರಾ ಕಳೆದ ಮೇಲಿನ ತಾರೀಖು ತೆಗೆದುಕೊಂಡಿದ್ದಾರೆ, ಡಿಪಾಸಿಟ್ ಮುಟ್ಟಿಲ್ಲ.

ಮೇಷ್ಟ್ರು ಬೇರೆ ಪುಟ ತಿರುವಿ ತೋರಿಸಿದರು. ಬೀದಿಯಲ್ಲಿ ಇನ್ನಷ್ಟು ಮನೆಗಳಿಗೆ ಇಂಗುಬಾವಿ ತೋಡಿಸಬೇಕು ಎಂದು ಬರೆದಿದ್ದರು. ‘ಎಷ್ಟು ಮನೆ ಸರ್?’ ಅಂದೆ. ‘ಅದನ್ನೇ ನೀನು ಕೇಳ್ತೀಯ ಅಂತ ಗೊತ್ತಿತ್ತು’ ಅಂದರು. ಸಂಖ್ಯೆಯ ಜಾಗ ಖಾಲಿ ಬಿಟ್ಟಿದ್ದರು. ಮೊದಲು ಎದುರುಮನೆಯವರಿಗೆ ಇದು ಯಾಕೆ ಬೇಕು ಎಂದು ಅವರನ್ನೇ ಕೇಳಿಕೊಂಡು ಬರುತ್ತಾರಂತೆ.